ಗುಜರಿಗೆ ಹೋದ ಪೆಟ್ಟಿಗೆಯ ಉತ್ತರ

ಸತ್ತವರು ಕರೆದರು, ಮುಚ್ಚಿದ ಕೋಣೆಯಲ್ಲಿ ಯಾರೋ ಓಡಾಡಿದರು ಎಂಬ ಮಾತು ಶುರುವಾದರೆ ನಾನು ಎದ್ದು ಹೋಗುವವನಾಗಿದ್ದೆ. ನನ್ನ ಕಸುಬೂ ಅಂಥದು. ಶಿರಸಿಯ ಬಾಡಿಗೆ ಮನೆಯಲ್ಲಿ ಕೂತು ಕೋರ್ಟು ಕಾಗದಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿಕೊಡುತ್ತೇನೆ. ‘ಕಣ್ಣಾರೆ ಕಂಡೆ’ ಎಂದು ಪ್ರಮಾಣ ಮಾಡಿದವನು ಏನನ್ನೂ ಕಂಡಿರಲಿಲ್ಲ ಎಂಬುದು ಎರಡು ಪುಟ ಕಳೆಯುವುದರೊಳಗೆ ಗೊತ್ತಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಗಾಗಿ ನಾನೀಗ ಹೇಳುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ನಡೆದಷ್ಟು ಹೇಳುತ್ತೇನೆ.

ಮೂರು ವರ್ಷದ ಹಿಂದಿನ ಮಾತು. ನನ್ನ ಹೆಂಡತಿ ಸುಮಂಗಲಾ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಸಿದ್ದಾಪುರದ ಹತ್ತಿರದ ಬಿಳಗಿಯವಳು. ಪೇಟೆಯ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಮನೆಯ ಕಂಪ್ಯೂಟರು, ಇಂಟರ್ನೆಟ್ಟು ಎಲ್ಲ ಅವಳದೇ ಕಾರುಬಾರು. ನನಗೆ ಟೈಪು ಮಾಡುವುದು, ಮೇಲ್ ಕಳಿಸುವುದು ಬಿಟ್ಟರೆ ಏನೂ ಬಾರದು. ಅವಳು ಹೋದ ಮೇಲೂ ಎಲ್ಲ ಸರಿಯಾಗಿ ನಡೆದುಕೊಂಡು ಹೋಗುತ್ತಿತ್ತು. ಕಲಿಯುವ ಪ್ರಸಂಗ ಬರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಯಾವ ಪುಟವೂ ತೆರೆಯದೆ ಹೋಯಿತು. ರೂಟರಿನ ದೀಪಗಳೆಲ್ಲ ಹಸಿರಾಗಿಯೇ ಇದ್ದವು. ಫೋನಿನಲ್ಲಿ ಅದೇ ವೈಫೈ ಚೆನ್ನಾಗಿಯೇ ಓಡುತ್ತಿತ್ತು. ಸಹಾಯವಾಣಿಗೆ ಫೋನು ಮಾಡಿದರೆ ಆರಿಸಿ ಮತ್ತೆ ಹಚ್ಚಿ ಎಂದರು. ಹಚ್ಚಿದೆ. ವೈರು ಕಿತ್ತು ಚುಚ್ಚಿ ಎಂದರು. ಚುಚ್ಚಿದೆ. ಸುಮಂಗಲಾಳ ಸಿಮ್ ಬಂದ್ ಮಾಡಿಸುವುದರಿಂದ ಹಿಡಿದು ಗ್ಯಾಸ್ ಸಿಲಿಂಡರನ್ನು ನನ್ನ ಹೆಸರಿಗೆ ಮಾಡಿಸುವವರೆಗೆ ಒಂದೂವರೆ ವರ್ಷ ಇಂಥ ಸಹಾಯವಾಣಿಗಳ ಸಂಗೀತ ಕೇಳಿ ಕೇಳಿ ಸುಸ್ತಾಗಿದ್ದೆ. ಎರಡು ದಿನ ಪೆನ್ ಡ್ರೈವ್ ಹಿಡಿದು ಪೇಟೆಯ ಝೆರಾಕ್ಸ್ ಅಂಗಡಿಗೆ ಓಡಾಡಿದೆ. ಮೂರನೆಯ ದಿನ ಯಲ್ಲಾಪುರದ ವಕೀಲರು, “ತಿದ್ದಿದ ಪ್ರತಿ ಇವತ್ತು ಸಂಜೆ ನಾಲ್ಕರೊಳಗೆ ಬರಬೇಕು. ನಿಮ್ಮ ಕೈಲಾಗದಿದ್ದರೆ ಈಗಲೇ ಹೇಳಿಬಿಡಿ, ಬೇರೆಯವರು ಇದ್ದಾರೆ” ಎಂದರು. ನನಗೆ ಕೆಲಸ ಕೊಡುತ್ತ ಉಳಿದವರು ಅವರೊಬ್ಬರೇ. ಅಂಗಡಿಗೆ ಹೋಗಲು ಎದ್ದವನಿಗೆ ಚಪ್ಪಲಿ ಮೆಟ್ಟುವಷ್ಟೂ ಶಕ್ತಿ ಇಲ್ಲವೆನಿಸಿ, ಇಮ್ತಿಯಾಜನಿಗೆ ಫೋನು ಮಾಡಿದೆ.

ಇಮ್ತಿಯಾಜ್ ಹಿಂದೆ ಸುಮಂಗಲಾಳ ಹತ್ತಿರ ಕಲಿತವನು. ಈಗ ಇಬ್ಬರು ಮಕ್ಕಳ ತಂದೆ, ಕೇಬಲ್ ಮತ್ತು ನೆಟ್ಟಿನ ಸ್ವಂತ ಅಂಗಡಿ ಇದೆ. ಮಧ್ಯಾಹ್ನ ಮೂರಕ್ಕೆ ಬಂದ. ಅವಳ ಕುರ್ಚಿಯಲ್ಲಿ ಕೂರಲು ಸಂಕೋಚಪಟ್ಟು ಅಡುಗೆಮನೆಯಿಂದ ಸ್ಟೂಲು ತಂದು ಕೂತ. ಕಪ್ಪು ಪರದೆಯೊಂದನ್ನು ತೆರೆದು ಏನೇನೋ ಟೈಪಿಸಿದ.

“ನೆಟ್ ಬರ್ತಾ ಇದೆ ಸರ್. ಹೆಸರೇ ಸಿಕ್ತಾ ಇಲ್ಲ” ಎಂದ.

ಅರ್ಥವಾಗಲಿಲ್ಲವೆಂದೆ.

“ಬಸ್ ಸ್ಟ್ಯಾಂಡಲ್ಲಿ ವಿಚಾರಣೆ ಕೌಂಟರ್ ಇರತ್ತಲ್ಲ, ಹಂಗೆ. ರಸ್ತೆ ಇದೆ, ಬಸ್ಸಿದೆ, ಆದ್ರೆ ಸಿದ್ದಾಪುರದ್ದು ಯಾವ್ದು ಅಂತ ಹೇಳೋರಿಲ್ಲ. ಕಂಪ್ಯೂಟರಿಗೆ ನಂಬರ್ ಮಾತ್ರ ಗೊತ್ತು. ಹೆಸರು ಕೊಟ್ರೆ ನಂಬರ್ ಹೇಳೋ ಒಂದು ಯಂತ್ರ ಬೇಕು. ಅದಕ್ಕೆ ಡಿಎನ್‌ಎಸ್ ಅಂತಾರೆ. ನಿಮ್ಮ ಫೋನು ನೆಟ್ ಕಂಪನಿಯವರ ಯಂತ್ರನ ಕೇಳತ್ತೆ. ಈ ಕಂಪ್ಯೂಟರಿಗೆ ಮಾತ್ರ ಮೇಡಂ ಬೇರೆ ನಂಬರ್ ಹಾಕಿದಾರೆ.” ಪರದೆಯ ಮೇಲೆ ಬೆರಳಿಟ್ಟ. “ಇದು ಈ ಮನೆಯೊಳಗಿನ ನಂಬರು. ಎಲ್ಲಿದೆ ಆ ಯಂತ್ರ?”

ಆಗ ನೆನಪಾಯಿತು. ಇಸ್ಪೀಟಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದು ರೂಟರಿನ ಪಕ್ಕದಲ್ಲಿರುತ್ತಿತ್ತು. ಹಾಳುಮೂಳು ಜಾಹೀರಾತು, ಮೋಸದ ಜಾಲತಾಣ ಒಳಗೆ ಬಾರದಂತೆ ಅವಳೇ ಅದನ್ನು ಕೂಡಿಸಿಟ್ಟಿದ್ದಳು. ಅದಕ್ಕೆ ‘ಅತ್ತೆ’ ಎಂದು ಹೆಸರು ಬೇರೆ. “ಇದ್ರ ಕೇಳ್ದೆ ಯಾರೂ ಹೊರಗೆ ಹೋಪಾಂಗಿಲ್ಲೆ” ಎಂದು ತನ್ನ ಊರಿನ ಮಾತಿನಲ್ಲಿ ನಗುತ್ತಿದ್ದಳು; ಅತ್ತೆಯನ್ನು ಕೇಳದೆ ಸೊಸೆ ಹೊಸಿಲು ದಾಟುವಂತಿಲ್ಲವಲ್ಲ, ಹಾಗೆ. ಅವಳು ಹೋಗಿ ಐದಾರು ತಿಂಗಳಿಗೆ ಗೋಡೆಗೆ ಬಣ್ಣ ಹೊಡೆಸುವಾಗ, ಇದೇನು ಉಪಯೋಗಕ್ಕೆ ಬರುವುದಲ್ಲವೆಂದು ಹಳೆಯ ಪ್ರಿಂಟರಿನ ಜೊತೆ ಅದನ್ನೂ ಗುಜರಿಯವನಿಗೆ ಕೊಟ್ಟಿದ್ದೆ.

“ಅದು ಹೋಗಿ ಒಂದು ವರ್ಷ ಆಯ್ತು ಮಾರಾಯ” ಎಂದೆ.

ಇಮ್ತಿಯಾಜ್ ನನ್ನ ಮುಖ ನೋಡಿದ. “ಹಂಗಾದ್ರೆ ನೆಟ್ ನಿಲ್ಲಬೇಕಿದ್ದು ಮೊನ್ನೆ ಅಲ್ಲ ಸರ್. ಅದನ್ನ ಕೊಟ್ಟ ದಿನಾನೇ.”

ಮೊದಲನೆಯದು ಸಿಗದಿದ್ದರೆ ಕೇಳಲೆಂದು ಎರಡನೆಯ ಸಾಲಿನಲ್ಲಿ ಬೇರೆ ನಂಬರು ಇದ್ದೀತು ಎಂದು ನೋಡಿದ. ಖಾಲಿ. ಅಂಥದೇ ಇನ್ನೊಂದು ಪೆಟ್ಟಿಗೆ ಎಲ್ಲಾದರೂ ಉಳಿದಿರಬಹುದೆಂದು ವೈರುಗಳ ಜಾಡು ಹಿಡಿದು ಇಬ್ಬರೂ ಮಂಚದ ಕೆಳಗೆ, ಕಪಾಟಿನ ಹಿಂದೆ ಹುಡುಕಿದೆವು. ಕೆಳಗಿನ ಮನೆಯವರು ನಮ್ಮ ವೈಫೈ ಬಳಸುತ್ತಿರಬಹುದೆಂದು ಪಾಸ್‌ವರ್ಡ್ ಬದಲಿಸಿದ. ಆಮೇಲೆ ಆ ನಂಬರಿಗೆ ‘ಇದ್ದೀಯಾ?’ ಎಂದು ಕೇಳುವ ಆಜ್ಞೆ ಕೊಟ್ಟ. ನಾಲ್ಕು ಸಲ ಕೇಳಿತು. ಉತ್ತರವಿಲ್ಲ. ಮತ್ತೆ ನಾಲ್ಕು ಸಲ. ಇಲ್ಲ.

ಮೂರನೆಯ ಬಾರಿ ಕೊಟ್ಟಾಗ, ಮೂರು ಸಾಲು ಖಾಲಿ ಹೋದ ಮೇಲೆ, ನಾಲ್ಕನೆಯ ಸಾಲಿನಲ್ಲಿ ಉತ್ತರ ಬಂತು.

ಇಮ್ತಿಯಾಜ್ ಕೀಲಿಮಣೆಯ ಮೇಲಿಂದ ಎರಡೂ ಕೈ ತೆಗೆದುಬಿಟ್ಟ. ಸ್ವಲ್ಪ ಹೊತ್ತಿಗೆ ರೂಟರಿನ ಪುಟ ತೆರೆದು, ಆ ಕ್ಷಣಕ್ಕೆ ಜೋಡಣೆಯಾದ ಯಂತ್ರಗಳ ಪಟ್ಟಿ ನೋಡಿದ. ನನ್ನ ಕಂಪ್ಯೂಟರು, ನನ್ನ ಫೋನು. ಮೂರನೆಯ ಸಾಲಿನಲ್ಲಿ, ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ, ಅತ್ತೆ.

ನಾನು ಕಣ್ಣಾರೆ ಕಂಡೆ. ಇಮ್ತಿಯಾಜನೂ ಕಂಡ. ಅವನು ಪುಟವನ್ನು ಇನ್ನೊಮ್ಮೆ ತೆರೆಸಿದಾಗ ಆ ಸಾಲು ಇರಲಿಲ್ಲ.

ಭಯವಾಯಿತೇ ಎಂದು ನೀವು ಕೇಳಬಹುದು. ಆಗಲಿಲ್ಲ. ಮೈಯೆಲ್ಲ ಭಾರವಾಗಿ, ಅಲ್ಲೇ ನೆಲದ ಮೇಲೆ ಮಲಗಬೇಕೆನಿಸಿತು. ಅಷ್ಟರಲ್ಲಿ ವಕೀಲರ ಫೋನು ಬಂತು. “ಎಲ್ಲಿಗೆ ಬಂತು?” ಎಂದರು. ಕಳಿಸಿದೆ ಎಂದು ಸುಳ್ಳು ಹೇಳಿ ಇಟ್ಟೆ.

“ಮೇಡಂ ಹಾಕಿದ ನಂಬರ್ ತೆಗೀಲಾ ಸರ್?” ಎಂದು ಇಮ್ತಿಯಾಜ್ ಮೆತ್ತಗೆ ಕೇಳಿದ.

“ತೆಗೆದುಬಿಡು” ಎಂದೆ.

ತೆಗೆದು ಬೇರೆ ನಂಬರು ಹಾಕಿದ. ಪುಟಗಳು ಪಟಪಟನೆ ತೆರೆದುಕೊಂಡವು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕಡತ ಹೋಯಿತು. ಇಮ್ತಿಯಾಜ್ ಚಹಾ ಬೇಡವೆಂದು ಚೀಲ ಹೆಗಲಿಗೇರಿಸಿ ಹೊರಟ.

ಮಾರನೆಯ ವಾರ ಅವನು ಬರೆದಿಟ್ಟು ಹೋಗಿದ್ದ ಹಳೆಯ ನಂಬರನ್ನು ನಾನೇ ತಡಕಾಡುತ್ತ ಮತ್ತೆ ಹಾಕಿದೆ. ಮಧ್ಯಾಹ್ನವಿಡೀ ಕಾದೆ. ಒಂದು ಪುಟವೂ ತೆರೆಯಲಿಲ್ಲ. ಆಮೇಲೆ ಇನ್ನೂ ನಾಲ್ಕೈದು ಸಲ ಹಾಗೆ ಮಾಡಿದ್ದೇನೆ. ಪ್ರತಿ ಸಲವೂ ಅಷ್ಟೇ. ತಿಳಿದವರೊಬ್ಬರಿಗೆ ಹೇಳಿದಾಗ, ರೂಟರಿಗೆ ಹಳೆಯ ಹೆಸರು ನೆನಪಿನಲ್ಲಿರುತ್ತದೆ, ಬೇರೆ ಯಾವುದೋ ಯಂತ್ರಕ್ಕೆ ಆ ನಂಬರು ಸಿಕ್ಕಿದ್ದೀತು ಎಂದರು. ಇರಬಹುದು. ಹಾಗಾದರೆ ಇಡೀ ಒಂದು ವರ್ಷ, ನಾನು ಕೇಳಿದ ಪ್ರತಿಯೊಂದು ಹೆಸರಿಗೂ ದಾರಿ ಹೇಳಿದವರು ಯಾರು ಎಂದೆ.

ಕಳೆದ ತಿಂಗಳು ಇಮ್ತಿಯಾಜ್ ತನ್ನ ಅಂಗಡಿಯ ಮುಂದೆ ಸಿಕ್ಕಿದ. ಅದೂ ಇದೂ ಮಾತಾಡಿದೆವು. ನಾನು ಹೊರಟಾಗ, “ಸರ್, ಅವತ್ತು ಆ ನಂಬರ್ ತೆಗೆಯೋ ಮುಂಚೆ ಸ್ವಲ್ಪ ತಡಿ ಅಂದಿದ್ರೆ ನಾನು ತಡೀತಿದ್ದೆ. ನನಗೇನೂ ಅವಸರ ಇರಲಿಲ್ಲ” ಎಂದ.

ನಡೆದದ್ದೇನು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ತಡಿ ಎನ್ನಲು ಯಾಕೆ ಬಾಯಿ ಬರಲಿಲ್ಲ ಎಂಬುದೂ ಗೊತ್ತಿಲ್ಲ.