ದಕ್ಸಿಮ್ ಅಜ್ಜಿಯ ಮುಚ್ಚಿದ ತುಟಿ

ಆಗಸ್ಟ್ ಹದಿನೈದು ಹತ್ತಿರ ಬಂತೆಂದರೆ ನಮ್ಮೂರ ದಕ್ಸಿಮ್ ಅಜ್ಜಿಗೆ ಊಟ ಸೇರುತ್ತಿರಲಿಲ್ಲ. ನಮ್ಮ ದೇಶ ಜಪಾನಿನವರ ಕೈಯಿಂದ ಬಿಡುಗಡೆಯಾದ ದಿನವನ್ನು ಕಂಡವರಲ್ಲಿ ಬದುಕಿ ಉಳಿದಿದ್ದವಳು ಅವಳೊಬ್ಬಳೇ. ಹಾಗಾಗಿ ಪ್ರತಿ ವರ್ಷ ಆ ದಿನದ ಸಭೆಯ ಕೊನೆಗೆ ಮೂರು ಸಲ ‘ಮಾನ್ಸೆ’ ಎಂಬ ಜಯಕಾರ ಕೂಗಿಸುವ ಕೆಲಸ ಅವಳ ಕೊರಳಿಗೇ ಬಿದ್ದಿತ್ತು.

ಅವಳ ಭಯ ಏನೆಂದು ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ, ಇಬ್ಬರೂ ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಾಗ. ಜಪಾನಿನವರ ಕಾಲದಲ್ಲಿ ಶಾಲೆಯೊಳಗೆ ನಮ್ಮ ಭಾಷೆ ಮಾತಾಡಿದರೆ ಕೆನ್ನೆಗೆ ಬೀಳುತ್ತಿತ್ತಂತೆ. ಬೆಳಗಾದರೆ ಎರಡೂ ಕೈ ಎತ್ತಿ ಅವರ ದೊರೆಗೆ ‘ಬಾಂಜಾಯ್’ ಅನ್ನಬೇಕು. ಬಿಡುಗಡೆಯ ಸುದ್ದಿ ಬಂದಾಗ ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಬೀದಿಗೆ ಓಡಿದ. ಜನರೆಲ್ಲ ಕೈ ಎತ್ತಿ ‘ಮಾನ್ಸೆ’ ಅಂದರು. ಹುಡುಗಿಯೂ ಕೈ ಎತ್ತಿ, ಗಂಟಲು ಹರಿಯುವಂತೆ ಕೂಗಿದಳು: ಬಾಂಜಾಯ್. ಅರ್ಥ ಎರಡಕ್ಕೂ ಒಂದೇ, ಚಿರಕಾಲ ಬಾಳಲಿ ಅಂತ. ಆದರೆ ಅವಳು ಕೂಗಿದ್ದು ಜಪಾನಿನವರ ಮಾತು; ಅಪ್ಪ ಅವಳ ಬಾಯಿ ಮುಚ್ಚಿ, ತಲೆ ತಗ್ಗಿಸಿ ಮನೆಗೆ ತಂದ. ಸಾಯುವವರೆಗೂ ಆ ಮಾತೆತ್ತಲಿಲ್ಲ.

ಹಿಂದಿನ ವರ್ಷಗಳು ಹೇಗೋ ಕಳೆದವು. ಈ ವಸಂತದಿಂದ ಮಾತ್ರ ಅಜ್ಜಿಗೆ ಮರೆವು ಹೆಚ್ಚಿ, ಶಾಲೆಯ ಆ ಹಳೆಯ ಜಪಾನಿ ಮಾತು ಎದ್ದು ಬರತೊಡಗಿತ್ತು. ಊಟಕ್ಕೆ ಕೂತು ಸೊಸೆಯ ಹತ್ತಿರ ‘ಹಾಶಿ’ ಕೇಳುವಳು. ಸೊಸೆ ಕಣ್ಣು ಕಣ್ಣು ಬಿಡುವಳು. ಅಜ್ಜಿ ಕೇಳಿದ್ದು ಊಟದ ಕಡ್ಡಿ.

ಕರೆಯಲು ಬಂದ ಊರ ಮುಖ್ಯಸ್ಥ ಸಾಂಗ್ತೆಗೆ ಅವಳು, “ಬೇರೆ ಯಾರನ್ನಾದ್ರೂ ನಿಲ್ಸಪ್ಪ,” ಅಂದಳು.

“ಯಾರನ್ನ ನಿಲ್ಸ್ಲಿ ಅಜ್ಜಿ? ಉಳಿದೋರೆಲ್ಲ ಗುಡ್ಡದ ಮೇಲೆ ಮಣ್ಣಲ್ಲಿದಾರೆ. ಹೋಗಿ ಎಬ್ಬಿಸ್ಕೊಂಡು ಬರ್ಲಾ?”

“ನನ್ನ ಬಾಯಿ ನನ್ನ ಮಾತು ಕೇಳಲ್ಲ ಕಣೋ.”

ಹಲ್ಲಿನ ಸೆಟ್ಟಿನ ತೊಂದರೆ ಅಂದುಕೊಂಡ ಸೊಸೆ, ಬಿಗಿಯಾಗಿ ಹಾಕಿ ಕಳಿಸ್ತೀನಿ ಬಿಡಿ ಅತ್ತೆ ಎಂದು ಸಮಾಧಾನ ಹೇಳಿದಳು.

ಆ ದಿನ ಬಿಳಿಯ ಹಬ್ಬದುಡುಪು ತೊಡಿಸಿ, ಕೈಗೆ ಬಾವುಟ ಕೊಟ್ಟು, ವೇದಿಕೆ ಹತ್ತಿಸಿದರು. ಅಜ್ಜಿ ಎರಡೂ ಕೈ ಎತ್ತಿದಳು. ತುಟಿ ಎರಡೂ ಕೂಡಿದವು. ‘ಮಾ’ ಅನ್ನಲಿಕ್ಕೂ ತುಟಿ ಕೂಡಬೇಕು, ‘ಬಾ’ ಅನ್ನಲಿಕ್ಕೂ ಕೂಡಬೇಕು. ತೆರೆದರೆ ಯಾವುದು ಹೊರಬೀಳುವುದೋ ಅವಳಿಗೇ ತಿಳಿಯದು. ತೆರೆಯಲೇ ಇಲ್ಲ. ಮೈಕಿನಲ್ಲಿ ಅವಳ ಮೂಗಿನ ಉಸಿರು ಕೇಳುತ್ತಿತ್ತು. ಕಣ್ಣಿಂದ ನೀರಿಳಿಯಿತು.

ಜನ ಸ್ವಲ್ಪ ಹೊತ್ತು ಕಾದರು. ಆಮೇಲೆ ತಾವಾಗಿಯೇ ಎದ್ದು ಮೂರು ಸಲ ಕೂಗಿದರು. ಹೆಂಗಸರು ಕಣ್ಣೊರೆಸಿಕೊಂಡರು. ಕೈ ಇಳಿಸಲು ಹೋದ ಅಜ್ಜಿಯ ಮಣಿಕಟ್ಟನ್ನು ಸಾಂಗ್ತೆ ಫೋಟೋಗೆಂದು ಮೇಲೆಯೇ ಹಿಡಿದುಕೊಂಡು, ಅವಳ ಕಿವಿಯಲ್ಲಿ ಹೇಳಿದ:

“ಎಲ್ರನ್ನೂ ಅಳಿಸಿಬಿಟ್ರಿ ಅಜ್ಜಿ. ಮುಂದಿನ ವರ್ಷಾನೂ ಹಿಂಗೇ ಮಾಡಿ.”

ಆಗಲೂ ಅವಳು ಬಾಯಿ ತೆರೆಯಲಿಲ್ಲ.