ಗುಂಡಿನ ಮೇಲಿನ ಹಲ್ಲಿನ ಗುರುತು

ನನ್ನ ಸೋದರತ್ತೆಯ ಗುಂಡಿನ ಸರದಲ್ಲಿ ಒಂದು ಗುಂಡು ನೆಗ್ಗಿತ್ತು. ಹಳೆಯ ಕಾಲದ ಗುಂಡೆಂದರೆ ಮೇಲೆ ತೆಳ್ಳನೆಯ ಚಿನ್ನದ ತಗಡು, ಒಳಗೆ ಅರಗು. ಕಚ್ಚಿದರೆ ತಗ್ಗು ಬೀಳುತ್ತದೆ. ಕಚ್ಚಿದ್ದು ಅವಳ ಮಗಳು, ಹಲ್ಲು ಬರುವ ವಯಸ್ಸಿನಲ್ಲಿ. ಆ ಕೂಸು ಅತ್ತೆಯ ಗಂಡನ ಊರಾದ ಉಬ್ರಾಣಿಯ ಮನೆಯಲ್ಲಿ ಜ್ವರ ಬಂದು ತೀರಿಕೊಂಡಿತು. ಅದರದೊಂದು ಫೋಟೊ ಕೂಡ ಇರಲಿಲ್ಲ. ಗಂಡನೂ ಹೋದ ಮೇಲೆ ಅತ್ತೆ ಹೊನ್ನಾಳಿಯ ನಮ್ಮ ಮನೆಗೆ ಬಂದಳು. ಆಗ ನಾನಿನ್ನೂ ಹುಟ್ಟಿರಲಿಲ್ಲ.

ಸರವನ್ನು ಅವಳು ಹಾಕಿಕೊಳ್ಳುತ್ತಿರಲಿಲ್ಲ. ಹಳೆಯ ಕುಪ್ಪಸವೊಂದರಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಳು. ಎಪ್ಪತ್ತರ ದಶಕದಲ್ಲಿ, ನಾನು ಶಾಲೆಗೆ ಹೋಗುವಾಗ, ಯಾವಾಗಲೋ ಒಮ್ಮೆ ತೆಗೆದು ನನ್ನ ಬೆರಳನ್ನು ಹಿಡಿದು ಆ ಗುಂಡಿನ ಮೇಲೆ ಆಡಿಸುತ್ತಿದ್ದಳು.

“ನಿಮ್ಮಕ್ಕ ಕಡಿದಿದ್ದು ಇದು. ಕಸ್ಗಳಾಕೆ ಹೋದ್ರೆ ಕಿರುಚ್ತಿತ್ತು, ಮುಂಡೇದು.”

ಆ ಅಕ್ಕನ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ, ಉಗುರಿಗೆ ಸಿಗುವಷ್ಟು.

ಎಂಬತ್ತರ ದಶಕದ ಆರಂಭದಲ್ಲಿ ಜಗಳೂರಿನ ಕಡೆ ನನ್ನ ಮದುವೆ ಗೊತ್ತಾಯಿತು. ಗುಂಡಿನ ಸರದ ಕಾಲ ಆಗಲೇ ಮುಗಿದಿತ್ತು. ಹುಡುಗಿಯರು ಸಣ್ಣ ಚೈನು, ಅದಕ್ಕೊಂದು ಪದಕ ಕೇಳುತ್ತಿದ್ದರು. ನನಗೂ ಅದೇ ಬೇಕಿತ್ತು. ಯಾರೂ ಕೇಳದೆ ಅತ್ತೆಯೇ ಟ್ರಂಕು ತೆಗೆದಳು.

“ಇದನ್ನ ಕರಗಿಸಿ ಇವಳಿಗೆ ಬೇಕಾದಂಗೆ ಮಾಡಿಸ್ರಿ. ಪೆಟ್ಟಿಗ್ಯಾಗೆ ಸುಮ್ನೆ ಕುಂತೈತೆ.”

“ನಿಮ್ಮ ಹತ್ರಾನೇ ಇರ್ಲಿ ಬಿಡ್ರಿ, ಅತ್ತಿಗೆ,” ಎಂದಳು ಅವ್ವ.

“ಒಂದು ಗುಂಡು ಇರಿಸ್ಕಂತೀನಿ. ನಂಗೆ ಅಷ್ಟು ಸಾಕು.”

ಅತ್ತೆಯ ಮದುವೆಗೆ ಆ ಸರ ಮಾಡಿದವರು ಚನ್ನಗಿರಿಯ ಅಕ್ಕಸಾಲಿಗರೊಬ್ಬರು. ಅವರು ತೀರಿಕೊಂಡಿದ್ದರು, ಅದೇ ಅಂಗಡಿಯಲ್ಲಿ ಈಗ ಮಗ ಕೂರುತ್ತಿದ್ದರು. ನಾನೂ ಅತ್ತೆಯೂ ಬಸ್ಸಿನಲ್ಲಿ ಹೋದೆವು. ಆಚಾರ್ರು ಸರವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ನಮ್ಮಪ್ಪನ ಕೈ ಕೆಲಸ ಇದು. ನನ್ನ ಹೊಟ್ಟೆ ಉರಿಸಾಕೆ ಬಂದೀರೇನವ್ವ?”

“ಏನ್ ಮಾಡಾನ ಆಚಾರ್ರೆ, ಈಗಿನ ಹುಡ್ಗೀರ ಕತ್ತಿಗೆ ಭಾರ ಆಗತೈತಂತೆ.”

“ಕತ್ತಿಗಲ್ಲ ಬಿಡ್ರಿ, ಕಣ್ಣಿಗೆ,” ಎಂದು ಅವರು ನನ್ನ ಕಡೆ ನೋಡಿ ನಕ್ಕರು.

ಹಳೆಯ ಚಿನ್ನವನ್ನು ತಂದವರ ಎದುರಿಗೇ ಕರಗಿಸುವುದು ಪದ್ಧತಿ. ಅತ್ತೆ ದಾರ ಬಿಚ್ಚಿ ನೆಗ್ಗಿದ ಗುಂಡನ್ನು ಹೆಕ್ಕಿ ಪಕ್ಕಕ್ಕಿಟ್ಟಳು. “ಇದೊಂದು ಕರಗಿಸಬ್ಯಾಡ್ರಿ. ಕುಣಿಕೆ ಹಾಕಿಕೊಡ್ರಿ, ಲಿಂಗದ ಶಿವದಾರಕ್ಕೆ ಕಟ್ಕಂತೀನಿ.” ಯಾಕೆ ಅದೇ ಗುಂಡು ಎಂದು ಹೇಳಲಿಲ್ಲ. ಮದುವೆಯ ಕೆಲಸಕ್ಕೆ ಹೊರಟವರು ಸತ್ತ ಕೂಸಿನ ಮಾತು ಎತ್ತುವುದಿಲ್ಲ. ಆಚಾರ್ರು ಗುಂಡನ್ನು ದೇವರ ಪಟದ ಮುಂದಿಟ್ಟು ಉಳಿದವನ್ನು ಮೂಸೆಗೆ ಹಾಕಿದರು. ಮೊದಲು ಅರಗು ಉರಿದು ಹೊಗೆ ಎದ್ದಿತು. ಅತ್ತೆ ಸೆರಗು ಮೂಗಿಗೆ ಹಿಡಿದು, ಎಲ್ಲ ಕರಗುವವರೆಗೂ ಕದಲದೆ ಕೂತಿದ್ದಳು.

ಒಡವೆ ತರಲು ಮತ್ತೆ ನಾವಿಬ್ಬರೇ ಹೋದೆವು. ಚೈನು ನಾನು ಬಯಸಿದಂತೆಯೇ ಬಂದಿತ್ತು. ಆಮೇಲೆ ಆಚಾರ್ರು ಇನ್ನೊಂದು ಪೊಟ್ಟಣ ಬಿಚ್ಚಿ ಅತ್ತೆಯ ಅಂಗೈಗೆ ಹಾಕಿದರು. ಗುಂಡು ನುಣ್ಣಗೆ, ದುಂಡಗೆ ಹೊಳೆಯುತ್ತಿತ್ತು.

“ನೆಗ್ಗಿತ್ತು ನೋಡ್ರಿ. ಅರಗು ತೆಗೆದು, ಒಳಗಿಂದ ಎತ್ತಿ, ಮತ್ತೆ ತುಂಬೀನಿ. ನಮ್ಮಪ್ಪಂದು ಇಲ್ಲಿ ಉಳಿದಿರಾದು ಇದೊಂದೇ. ಮುಕ್ಕಾಗಿ ಕಳಿಸಾಕೆ ಮನಸ್ಸಾಗಲಿಲ್ಲ. ಇದಕ್ಕೆ ಕೂಲಿ ಬ್ಯಾಡ.”

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಮೊಣಕಾಲನ್ನು ಒತ್ತಿ ಹಿಡಿದಳು. ಹೆಬ್ಬೆರಳಿನಿಂದ ಗುಂಡನ್ನು ಸುತ್ತಲೂ ಸವರಿದಳು, ಮತ್ತೊಮ್ಮೆ ಸವರಿದಳು.

“ಚೆಂದಾಗೈತೆ, ಆಚಾರ್ರೆ. ನಿಮ್ಮಪ್ಪ ಮಾಡಿಕೊಟ್ಟಾಗ ಹೆಂಗಿತ್ತೋ ಹಂಗೇ ಐತೆ.”

ಅವರ ಮುಖ ಅರಳಿತು. ಆ ಸಂತೋಷದಲ್ಲಿ ತಪ್ಪೇನೂ ಇರಲಿಲ್ಲ.

ಬಸ್ ನಿಲ್ದಾಣದಲ್ಲಿ ಅಡಿಕೆ ಮೂಟೆಗಳ ಪಕ್ಕ ಕೂತೆವು. ಅತ್ತೆ ಗುಂಡನ್ನು ಸೆರಗಿನ ತುದಿಗೆ ಗಂಟು ಹಾಕಿ, ಅಂಗೈ ಚಾಚಿದಳು.

“ನೀನು ಮುಟ್ಟಿ ನೋಡಿದ್ಯಲ್ಲ. ಆ ಗುರುತು ಹೆಂಗಿತ್ತು, ತೋರ್ಸು.”

ನಾನು ಅವಳ ಅಂಗೈಯಲ್ಲಿ ಉಗುರು ಒತ್ತಿದೆ: ಮೇಲೆ ಎರಡು, ಒತ್ತೊತ್ತಾಗಿ, ಕೆಳಗೆ ಒಂದು, ಸ್ವಲ್ಪ ಓರೆಗೆ. ಹಾಗೆಯೇ ಇತ್ತೆಂದು ಇಂದು ಆಣೆ ಮಾಡಿ ಹೇಳಲಾರೆ. ಕೆಳಗಿನದು ಇನ್ನೂ ಆಳವಾಗಿತ್ತೇನೋ. ಅವಳು ತಿದ್ದಲಿಲ್ಲ. ಗುರುತು ಮಾಯುವವರೆಗೆ ನೋಡುತ್ತಿದ್ದು, “ಇನ್ನೊಂದ್ಸಲ ಒತ್ತು,” ಎಂದಳು.