ಶುಕ್ರವಾರದ ಹಾರ್ಮೋನಿಯಂ

ಯುದ್ಧದ ಕಾಲ. ರಸೆಲ್ ಮಾರ್ಕೆಟ್ ಹಿಂದೆ ನನ್ನದೊಂದು ಹಾರ್ಮೋನಿಯಂ ರಿಪೇರಿ ಅಂಗಡಿ ಇತ್ತು. ಹಲಸೂರಿನ ಒಂದು ಚರ್ಚಿನ ಹಾರ್ಮೋನಿಯಂ ಪೆಟ್ಟಿಗೆಗೆ ಗಾಳಿ ಊದೋ ಹೊಸ ತಿದಿ ಹಾಕಿ, ಶುಕ್ರವಾರ ಸಂಜೆ ತಲುಪಿಸೋಕೆ ಹೋದೆ. ವಾರದ ಪ್ರಾರ್ಥನೆ ನಡೀತಿತ್ತು. ಮುಗಿಯೋವರೆಗೂ ಕೂತ್ಕೊಳ್ಳಿ ಅಂದರು ಪಾದ್ರಿಗಳು.

ಮೊದಲು ಲೋಕಕ್ಕೆ, ಆಮೇಲೆ ದೇಶಕ್ಕೆ, ಕೊನೆಗೆ ತಮ್ಮ ಸಭೆಗೆ ಬೇಡಿಕೊಳ್ಳೋದು ಅವರ ಪದ್ಧತಿ. ಜರ್ಮನಿಯವರನ್ನೂ ಜಪಾನಿನವರನ್ನೂ ಒಂದೇ ಉಸಿರಲ್ಲಿ ಕ್ಷಮಿಸಿಬಿಟ್ಟರು. ದೇಶಕ್ಕೆ ಅಕ್ಕಿ ಕೇಳಿದರು. ಸಭೆಯ ಸರದಿ ಬಂತು.

ಕರುಣಮ್ಮ ಅನ್ನೋ ಟೀಚರು ಕಣ್ಣು ಮುಚ್ಚಿಕೊಂಡೇ ಶುರುಮಾಡಿದರು. "ಕರ್ತನೇ, ಸ್ವರಜ್ಞಾನ ಇಲ್ಲದವರು ಆ ಪೆಟ್ಟಿಗೆ ಮುಟ್ಟದ ಹಾಗೆ ಕಾಯಪ್ಪಾ."

ಪಕ್ಕದ ಬೆಂಚಲ್ಲಿದ್ದ ಸಭೆಯ ಹಿರಿಯ ದೇವದಾನಪ್ಪನವರೂ ಕಣ್ಣು ಬಿಡಲಿಲ್ಲ. "ಕರ್ತನೇ, ಸ್ವರಜ್ಞಾನ ಇರೋರ ಅಹಂಕಾರ ಮುರಿಯಪ್ಪಾ."

ಎರಡಕ್ಕೂ ಎಲ್ಲರೂ ಆಮೆನ್ ಅಂದರು.

ಹೊರಡುವಾಗ ಪಾದ್ರಿಗಳನ್ನ ಕೇಳಿದೆ, "ಹಾಗಾದ್ರೆ ಇದನ್ನ ನುಡಿಸೋರು ಯಾರು ಸ್ವಾಮಿ?"

"ಸದ್ಯಕ್ಕೆ ಮುಚ್ಚೇ ಇರ್ಲಿ," ಅಂದರು. "ಅದಕ್ಕೂ ಪ್ರಾರ್ಥನೆ ಮಾಡ್ತಿದೀವಿ."

ಯುದ್ಧ ಮುಗಿದ ಮೇಲೆ ಮತ್ತೆ ರಿಪೇರಿಗೆ ಕರೆಸಿದರು. ಲೋಕಕ್ಕೆ ಶಾಂತಿ ಬಂದಿತ್ತು. ಯಾರೂ ಮುಟ್ಟದ ನನ್ನ ಹೊಸ ತಿದಿಯನ್ನ ಇಲಿ ತಿಂದಿತ್ತು.